ಅಪವಾದ ಹೊತ್ತ ಪಾದ್ರಿ: ನಾಲ್ಕು ಇಂಗ್ಲಿಷ್ ಕಥೆಗಳಲ್ಲಿ ಯಾವುದು ಯಾರಿಗೆ?

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಪಾದ್ರಿಗಳಿಗೆ ಬರವಿಲ್ಲ. ಮರ್ಯಾದೆ ಹೋಗಿ ಊರ ಬಾಯಿಗೆ ಬಿದ್ದ ಪಾದ್ರಿಗಳಿಗೂ ಬರವಿಲ್ಲ. ಈ ಬಗೆಯನ್ನು ಓದಬೇಕೆನ್ನುವವರು ಆರಿಸಿಕೊಳ್ಳಲು ಇಲ್ಲಿ ನಾಲ್ಕನ್ನು ಅಕ್ಕಪಕ್ಕ ಇಟ್ಟಿದ್ದೇನೆ: ಜಾರ್ಜ್ ಎಲಿಯಟ್ ಬರೆದ ಆಮೋಸ್ ಬಾರ್ಟನ್‌ನ ಕಥೆ (1857ರಲ್ಲಿ ಪತ್ರಿಕೆಯಲ್ಲಿ, 1858ರಲ್ಲಿ 'ಸೀನ್ಸ್ ಆಫ್ ಕ್ಲೆರಿಕಲ್ ಲೈಫ್' ಪುಸ್ತಕದಲ್ಲಿ), ಮಾರ್ಗರೆಟ್ ಓಲಿಫಂಟ್ ಅವರ 'ದಿ ಪರ್ಪೆಚುಯಲ್ ಕ್ಯೂರೇಟ್' (1864), ಆಂಥೊನಿ ಟ್ರಾಲಪ್ ಅವರ 'ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್' (1867), ಮತ್ತು ಅವರದೇ 'ಡಾ. ವರ್ಟಲ್ಸ್ ಸ್ಕೂಲ್' (1881).

ಇವನ್ನು ಧರ್ಮದ ಕಾದಂಬರಿಗಳೆಂದುಕೊಂಡು ಹಿಡಿದವರು ಬೇಗ ಕೆಳಗಿಡುತ್ತಾರೆ. ನಂಬಿಕೆ, ಸಂಶಯ, ಪಾಪ, ಪ್ರಾಯಶ್ಚಿತ್ತ ಎಲ್ಲ ಇದ್ದೇ ಇವೆ, ಆದರೆ ಕಥೆಯನ್ನು ಎಳೆಯುವ ಎತ್ತು ಅದಲ್ಲ. ಪಾದ್ರಿ ಏನು ತಪ್ಪು ಮಾಡಿದ ಎಂದು ಕೇಳುವ ಮೊದಲು ಅವನ ಅನ್ನ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ. ನಾಲ್ಕೂ ಪುಸ್ತಕ ಅಲ್ಲಿಂದ ತೆರೆದುಕೊಳ್ಳುತ್ತವೆ.

ಹುದ್ದೆ, ಹಣ, ಕಾನೂನು

ಓದುಗರು ಮುಗ್ಗರಿಸುವುದು ಹೆಚ್ಚಾಗಿ ಹುದ್ದೆಗಳ ಹೆಸರಿನಲ್ಲಿ. ರೆಕ್ಟರ್ ಎಂದರೆ ಊರಿನ ದಶಾಂಶ, ಎಂದರೆ ಬೆಳೆಯಲ್ಲಿ ಚರ್ಚಿಗೆ ಸಲ್ಲಬೇಕಾದ ಹತ್ತನೇ ಒಂದು ಪಾಲು, ಪೂರ್ತಿ ಸಲ್ಲುವವನು. ವಿಕಾರ್‌ಗೆ ಅದರಲ್ಲೊಂದು ಸಣ್ಣ ಪಾಲು. 1836ರ ಕಾಯ್ದೆಯ ನಂತರ ಈ ದಶಾಂಶ ಹುಲ್ಲು, ಧಾನ್ಯ, ಹಂದಿಮರಿಗಳ ರೂಪ ಬಿಟ್ಟು ಹಣದ ರೂಪಕ್ಕೆ ಬಂತು. ಪರ್ಪೆಚುಯಲ್ ಕ್ಯೂರೇಟ್‌ಗೆ ದಶಾಂಶವಿಲ್ಲ, ಗೊತ್ತುಪಡಿಸಿದ ಸಂಬಳ ಮಾತ್ರ, ಆದರೆ ಜಾಗ ಅವನದೇ. ಯಾರೋ ಒಬ್ಬರು ಬೆಳಗ್ಗೆ ಎದ್ದು ಹೋಗು ಎನ್ನುವ ಹಾಗಿಲ್ಲ. ಬರೀ ಕ್ಯೂರೇಟ್ ಎಂದರೆ ಇನ್ನೊಬ್ಬ ಪಾದ್ರಿ ತನ್ನ ಕೆಲಸಕ್ಕೆ ಇಟ್ಟುಕೊಂಡ ಸಂಬಳದ ಆಳು. ಇಟ್ಟುಕೊಂಡವನಿಗೆ ಬೇಡವಾದರೆ ಅವನು ಗಂಟುಮೂಟೆ ಕಟ್ಟಬೇಕು.

ಪಾದ್ರಿಯನ್ನು ಒಂದು ಊರಿಗೆ ನೇಮಿಸುವ ಹಕ್ಕು ಹಲವು ಕಡೆ ಜಮೀನ್ದಾರರದು ಅಥವಾ ಕಾಲೇಜುಗಳದು. ಮನೆ, ಹೊಲದ ಹಾಗೆ ಅದನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. ಒಮ್ಮೆ ಜಾಗದಲ್ಲಿ ಕೂತ ರೆಕ್ಟರನನ್ನೋ ವಿಕಾರನನ್ನೋ ಎಬ್ಬಿಸುವುದು ಬಿಷಪ್‌ನಿಂದಲೂ ಸುಲಭವಾಗಿ ಆಗುತ್ತಿರಲಿಲ್ಲ. 1840ರ ಚರ್ಚ್ ಶಿಸ್ತು ಕಾಯ್ದೆಯ ಪ್ರಕಾರ ಮೊದಲು ಐವರ ಆಯೋಗವೊಂದು ಕೂತು, ದೂರಿನಲ್ಲಿ ಹುರುಳಿದೆಯೇ ಎಂದು ನೋಡಬೇಕು. ಇನ್ನೆರಡು ಅಂಶಗಳೂ ತಲೆಯಲ್ಲಿರಲಿ. 1870ರವರೆಗೆ ದೀಕ್ಷೆ ಪಡೆದ ಪಾದ್ರಿಗೆ ಕಾನೂನಿನ ಪ್ರಕಾರ ಆ ದೀಕ್ಷೆಯನ್ನು ಬಿಡುವ ದಾರಿಯೇ ಇರಲಿಲ್ಲ. 1838ರ ಕಾಯ್ದೆ ಊರಿನ ಪಾದ್ರಿಗೆ ವ್ಯಾಪಾರವನ್ನೂ, ಬಿಷಪ್‌ನ ಒಪ್ಪಿಗೆಯಿಲ್ಲದೆ 80 ಎಕರೆಗಿಂತ ಹೆಚ್ಚು ಬೇಸಾಯವನ್ನೂ ನಿಷೇಧಿಸಿತ್ತು. ಪಾಠ ಹೇಳುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಕಷ್ಟಕ್ಕೆ ಸಿಕ್ಕ ಪಾದ್ರಿಗಳು ಈ ಪುಸ್ತಕಗಳಲ್ಲಿ ಲ್ಯಾಟಿನ್, ಗ್ರೀಕ್ ಪಾಠಕ್ಕೆ ತಿರುಗುವುದು ಅದಕ್ಕೇ.

ಹಣದ ಅಳತೆಗೆ ಇಂದಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ, ದಾರಿ ತಪ್ಪುತ್ತದೆ. ಕಾದಂಬರಿಗಳ ಒಳಗೇ ಒಂದು ಏಣಿ ಇದೆ. ವರ್ಷಕ್ಕೆ ಆಮೋಸ್ ಬಾರ್ಟನ್‌ಗೆ 80 ಪೌಂಡ್. 'ಲಾಸ್ಟ್ ಕ್ರಾನಿಕಲ್'ನ ಪಾದ್ರಿ, ಹಾಗಲ್‌ಸ್ಟಾಕ್ ಊರಿನ ಕ್ರಾಲಿಗೆ 130. ಟ್ರಾಲಪ್ ಅವರ 'ದಿ ವಾರ್ಡನ್'ನಲ್ಲಿ (1855) ಹನ್ನೆರಡು ಮುದುಕರ ಧರ್ಮಶಾಲೆ ನೋಡಿಕೊಳ್ಳುವ ಹಾರ್ಡಿಂಗ್‌ಗೆ 800. 'ಫ್ರಾಮ್ಲಿ ಪಾರ್ಸನೇಜ್'ನ (1861) ಯುವಕ ಮಾರ್ಕ್ ರಾಬರ್ಟ್ಸ್‌ಗೆ 900. ಟ್ರಾಲಪ್ ಕಲ್ಪಿಸಿದ ಬಾರ್‌ಚೆಸ್ಟರ್ ಪಟ್ಟಣದ ಬಿಷಪ್ ಪ್ರೌಡಿಗೆ 5,000. ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಕಾಗದ ಬಂದಾಗ ಅದರ ಧಾಟಿ ಏನಿರುತ್ತದೆಂದು ಈ ಅಂಕಿಗಳೇ ಹೇಳುತ್ತವೆ.

ಆಮೋಸ್ ಬಾರ್ಟನ್: ತಪ್ಪೇ ಇಲ್ಲದ ಅವಮಾನ

ನಾಲ್ಕರಲ್ಲಿ ಅತಿ ಚಿಕ್ಕದು, ಹತ್ತು ಅಧ್ಯಾಯ. ಎರಡು ಸಂಜೆಗೆ ಮುಗಿಯುತ್ತದೆ. ಶೆಪ್ಪರ್ಟನ್ ಊರಿನ ಕ್ಯೂರೇಟ್ ಬಾರ್ಟನ್‌ಗೆ ಹೆಂಡತಿ ಮಿಲಿ, ಆರು ಮಕ್ಕಳು, 80 ಪೌಂಡ್ ಸಂಬಳ. ಊರಿನ ನಿಜವಾದ ವಿಕಾರ್ ಬೇರೆಲ್ಲೋ ಇದ್ದಾನೆ. ಬಾರ್ಟನ್ ಬುದ್ಧಿವಂತನಲ್ಲ, ಚೆಲುವನಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಗತಿಯಿಲ್ಲದ ಬಡವರನ್ನು ಇಡುವ ವರ್ಕ್‌ಹೌಸ್‌ನ ಮುದುಕ ಮುದುಕಿಯರ ಮುಂದೆ ನಿಂತು ಹುಳಿಯಿಲ್ಲದ ರೊಟ್ಟಿಯ ಸಂಕೇತಾರ್ಥ ವಿವರಿಸುತ್ತಾನೆ. ಅವರಿಗೆ ಬೇಕಿದ್ದದ್ದು ನಶ್ಯದ ಪುಡಿ. ಇಂಥವನ ಮನೆಗೆ ಕೌಂಟೆಸ್ ಚೆರ್ಲಾಸ್ಕಿ ಎಂಬ ವಿಧವೆ, ಅಣ್ಣನ ಜೊತೆ ಜಗಳವಾಡಿ, ಕೆಲವು ದಿನಕ್ಕೆಂದು ಬಂದು ತಿಂಗಳುಗಟ್ಟಲೆ ತಂಗುತ್ತಾಳೆ. ಊರು ಬೇರೆ ಅರ್ಥ ಮಾಡಿಕೊಳ್ಳುತ್ತದೆ.

ಇಲ್ಲಿ ಯಾವ ದೂರೂ ದಾಖಲಾಗುವುದಿಲ್ಲ, ವಿಚಾರಣೆಯಿಲ್ಲ, ಬಿಷಪ್ ಬರುವುದಿಲ್ಲ. ಅವಮಾನ ನಡೆಯುವುದು ಅಡುಗೆಮನೆಯ ಲೆಕ್ಕದಲ್ಲಿ. ಒಬ್ಬ ಅತಿಥಿ ಎಂದರೆ ಇನ್ನಷ್ಟು ಕಲ್ಲಿದ್ದಲು, ಇನ್ನಷ್ಟು ಮಾಂಸ, ಬಸುರಿ ಮಿಲಿಯ ಮೇಲೆ ಇನ್ನಷ್ಟು ಕೆಲಸ. ಇಷ್ಟು ದಿನ ಕೈಯಲ್ಲಿದ್ದದ್ದು ಕೊಟ್ಟು ಹೋಗುತ್ತಿದ್ದ ಅಕ್ಕಪಕ್ಕದವರು ದೂರ ಸರಿಯುತ್ತಾರೆ. ಕೊನೆಗೆ ಕೌಂಟೆಸ್‌ಳನ್ನು ಮನೆಯಿಂದ ಹೊರಡಿಸುವುದು ಗಂಡನಲ್ಲ, ಊರಲ್ಲ, ಮನೆಗೆಲಸದ ನ್ಯಾನಿ. ಅಷ್ಟರಲ್ಲಿ ತಡವಾಗಿರುತ್ತದೆ, ಮಿಲಿ ಹೆರಿಗೆಯಲ್ಲಿ ಬಸವಳಿದು ಸಾಯುತ್ತಾಳೆ. ಊರು ಕರಗುತ್ತದೆ, ಬಾರ್ಟನ್ ಮೇಲೆ ಪ್ರೀತಿ ಹುಟ್ಟುತ್ತದೆ. ಸರಿಯಾಗಿ ಆಗಲೇ ವಿಕಾರ್‌ನ ಕಾಗದ ಬರುತ್ತದೆ: ಕ್ಯೂರೇಟ್ ಜಾಗ ಬಿಡಬೇಕು, ವಿಕಾರ್‌ನ ಭಾಮೈದನಿಗೆ ಅದು ಬೇಕಾಗಿದೆ.

ಈ ಕಾಗದ ನನಗೆ ಈ ನಾಲ್ಕೂ ಪುಸ್ತಕಗಳಲ್ಲೇ ಅತಿ ಕ್ರೂರ ಕ್ಷಣ. ಊರು ಅಪವಾದ ಹೊರಿಸಿದಾಗ ಬಾರ್ಟನ್ ಕೆಲಸ ಉಳಿದಿತ್ತು. ಊರು ಕ್ಷಮಿಸಿದ ಮೇಲೆ ಹೋಯಿತು. ಕೆಲಸ ಹೋದದ್ದಕ್ಕೂ ಅಪವಾದಕ್ಕೂ ಸಂಬಂಧವೇ ಇಲ್ಲ. ಕ್ಯೂರೇಟ್‌ನ ಬದುಕು ಎಂಥದೆಂದು ಒಂದೇ ಪೆಟ್ಟಿಗೆ ತಿಳಿಯಬೇಕಾದರೆ ಇದಕ್ಕಿಂತ ಬೇರೆ ಬೇಡ. ಎಲಿಯಟ್ ಅವರ ಹುಟ್ಟೂರ ಕಡೆಯ ಚಿಲ್ವರ್ಸ್ ಕೋಟನ್‌ನಲ್ಲಿ ಕ್ಯೂರೇಟ್ ಆಗಿದ್ದ ಜಾನ್ ಗ್ವೈದರ್ ಈ ಕಥೆಯ ಮೂಲ. ಅಚ್ಚಾದ ಕಥೆ ಓದಿ ಅವರು ತಮ್ಮನ್ನು ಗುರುತಿಸಿಕೊಂಡರು ಕೂಡ.

ದೋಷವೂ ಇದೆ. ನಿರೂಪಕ ನಡುನಡುವೆ ನಿಂತು, ಇಂಥ ಸಾಧಾರಣ ಮನುಷ್ಯನ ಮೇಲೆ ಯಾಕೆ ಕನಿಕರ ಪಡಬೇಕು ಎಂದು ಓದುಗರಿಗೆ ಪಾಠ ಮಾಡುತ್ತಾನೆ. ಮಿಲಿಯ ಮರಣದ ಪುಟಗಳು ಕಣ್ಣೀರಿಗೆ ಕೈ ಚಾಚುತ್ತವೆ.

ದಿ ಪರ್ಪೆಚುಯಲ್ ಕ್ಯೂರೇಟ್: ಗಾಳಿಮಾತಿನ ಯಂತ್ರ

ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೇಗೆ ಹೋಗುತ್ತದೆ, ಪ್ರತಿ ಬಾಯಿಯಲ್ಲಿ ಎಷ್ಟು ಬೆಳೆಯುತ್ತದೆ ಎಂಬುದನ್ನು ನೋಡಲು ಓಲಿಫಂಟ್ ಅವರ ಪುಸ್ತಕವೇ ಸೈ. ಕಾರ್ಲಿಂಗ್‌ಫರ್ಡ್ ಪಟ್ಟಣದ ಸೇಂಟ್ ರೋಕ್ಸ್ ಚರ್ಚಿನ ಫ್ರಾಂಕ್ ವೆಂಟ್‌ವರ್ತ್ ಒಳ್ಳೆಯ ಮನೆತನದ ಹುಡುಗ, ಮದುವೆಯಾಗಲು ಹಣವಿಲ್ಲ. ನದಿದಂಡೆಯ ಬಡವರ ಕೇರಿ ವಾರ್ಫ್‌ಸೈಡ್‌ನಲ್ಲಿ ಸೇವೆ ಮಾಡುತ್ತಾನೆ. ಆ ಕೇರಿ ಸೇರುವುದು ರೆಕ್ಟರ್ ಮಾರ್ಗನ್‌ನ ಪ್ಯಾರಿಷ್‌ಗೆ, ಎಂದರೆ ಅವನ ಚರ್ಚಿನ ಹದ್ದಿಗೆ. ಹೊಸದಾಗಿ ಬಂದ ಮಾರ್ಗನ್‌ಗೆ ತನ್ನ ಹೊಲದಲ್ಲಿ ಇನ್ನೊಬ್ಬ ಉಳುತ್ತಿದ್ದಾನೆ ಎಂಬ ಸಿಟ್ಟು. ಅಪವಾದ ಹುಟ್ಟುವುದಕ್ಕೆ ಮೊದಲೇ ಅದನ್ನು ನಂಬಲು ಒಬ್ಬ ಸಿದ್ಧನಾಗಿದ್ದಾನೆ. ಇಡೀ ಕಥೆಯ ಹದ ಇರುವುದು ಇಲ್ಲೇ.

ಎಲ್ಸ್‌ವರ್ದಿ ಎಂಬ ಅಂಗಡಿಯವನ ಮನೆಯ ಹದಿಹರೆಯದ ಹುಡುಗಿ ರೋಸಾ. ರಾತ್ರಿ ವೇಳೆ ಒಬ್ಬಳೇ ಬಂದವಳನ್ನು ವೆಂಟ್‌ವರ್ತ್ ಮನೆಗೆ ಮುಟ್ಟಿಸುತ್ತಾನೆ. ಕೆಲವು ದಿನಗಳ ಬಳಿಕ ಹುಡುಗಿ ಕಾಣೆಯಾಗುತ್ತಾಳೆ. ಪಟ್ಟಣಕ್ಕೆ ಅಷ್ಟು ಸಾಕು. ನಿಜವಾದ ಅಪರಾಧಿ ವೆಂಟ್‌ವರ್ತ್‌ನ ಬಾಡಿಗೆ ಮನೆಯಲ್ಲೇ ಅಡಗಿರುವ ಟಾಮ್ ವುಡ್‌ಹೌಸ್, ವೆಂಟ್‌ವರ್ತ್ ಪ್ರೀತಿಸುವ ಲೂಸಿಯ ಅಣ್ಣ. ತಂದೆಯ ಸಹಿ ನಕಲು ಮಾಡಿ ಓಡಿದವನು. ಅವನ ಗುಟ್ಟು ಒಡೆದರೆ ಲೂಸಿಯ ಮನೆಯ ಮಾನ ಹೋಗುತ್ತದೆ, ಒಡೆಯದಿದ್ದರೆ ತನ್ನದು. ವೆಂಟ್‌ವರ್ತ್ ಬಾಯಿ ಬಿಡದಿರುವುದನ್ನು ಅವನ ಮೊಂಡುತನವೆಂದು ಓದುವವರಿದ್ದಾರೆ. ಈ ಗಂಟನ್ನು ಗಮನಿಸಿದರೆ ಅವನಿಗೆ ಬೇರೆ ದಾರಿಯಿರಲಿಲ್ಲ ಎಂದು ಕಾಣುತ್ತದೆ.

ಹಿಂದಿನ ಜಗಳಗಳು ಸುದ್ದಿಗೆ ಗೊಬ್ಬರವಾಗುವುದನ್ನೂ ಓಲಿಫಂಟ್ ಚೆನ್ನಾಗಿ ಬಲ್ಲರು. ಫ್ರಾಂಕ್‌ನ ಮೂವರು ಅತ್ತೆಯರ ಕೈಯಲ್ಲಿ ಸ್ಕೆಲ್ಮರ್ಸ್‌ಡೇಲ್ ಎಂಬ ಊರಿನ ಪಾದ್ರಿ ಹುದ್ದೆ ಇದೆ. ಅವರಲ್ಲಿ ಲಿಯೊನೊರಾ ಆಡಂಬರವಿಲ್ಲದ ಇವಾಂಜೆಲಿಕಲ್ ಪಂಥದವಳು. ಈಸ್ಟರ್ ದಿನ ಸೇಂಟ್ ರೋಕ್ಸ್‌ನಲ್ಲಿ ಲಿಲಿ ಹೂವಿನ ಅಲಂಕಾರ ಕಂಡಾಗಲೇ ಅವಳ ಮನಸ್ಸು ಮುರಿಯುತ್ತದೆ. ಹೂವಿಗಾಗಿ ಹುದ್ದೆ ತಪ್ಪುವುದು ಇಂದು ನಗೆಬರಿಸಬಹುದು. ಆ ದಶಕಗಳಲ್ಲಿ ಪೀಠದ ಮೇಲಿನ ಹೂವು, ಮೇಣದ ಬತ್ತಿ, ನಿಲುವಂಗಿ ಎಲ್ಲವೂ ಪಂಥದ ಗುರುತುಚೀಟಿಗಳಾಗಿದ್ದವು. ಇನ್ನೊಂದು ಕಡೆ ಅಣ್ಣ ಜೆರಾಲ್ಡ್, ಹೆಂಡತಿ ಮಕ್ಕಳಿರುವ ಪಾದ್ರಿ, ರೋಮನ್ ಕ್ಯಾಥಲಿಕ್ ಆಗಬೇಕೆಂದು ಒದ್ದಾಡುತ್ತಿದ್ದಾನೆ. ಅಲ್ಲಿ ಹೆಂಡತಿಯಿರುವವನು ಪಾದ್ರಿಯಾಗುವಂತಿಲ್ಲ. ಹೆಂಡತಿ ಲೂಯಿಸಾಳ ಗೋಳು ಕೇಳಬೇಕು.

ವಿಚಾರಣೆ ನಡೆಯುವುದು ರೆಕ್ಟರ್ ಮನೆಯಲ್ಲಿ, ಊರಿನ ಗಣ್ಯರ ಮುಂದೆ. ಕಾನೂನಿನ ಬಲವಿಲ್ಲದ ಪಂಚಾಯಿತಿ ಅದು. ಅದಕ್ಕೇ ಅದರಲ್ಲಿ ಸೋತರೆ ಮೇಲ್ಮನವಿಯೂ ಇಲ್ಲ. ಮಾರ್ಗನ್‌ನ ಹೆಂಡತಿಯ ಪಾತ್ರವನ್ನು ಮರೆಯಬೇಡಿ. ಮದುವೆಗಾಗಿ ಹತ್ತು ವರ್ಷ ಕಾದು, ಕೊನೆಗೆ ರೆಕ್ಟರ್ ಮನೆಗೆ ಬಂದವಳಿಗೆ ಹಿಂದಿನವನು ಬಿಟ್ಟುಹೋದ ಹೂಗೊಂಚಲಿನ ಜಮಖಾನ ಕಂಡರೆ ಆಗದು. ಗಂಡ ವೆಂಟ್‌ವರ್ತ್‌ಗೆ ಅನ್ಯಾಯ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತು. ಆ ಜಮಖಾನದ ಮೇಲೆ ಓಡಾಡುತ್ತಲೇ ಗಂಡನ ಸಣ್ಣತನವನ್ನು ಅಳೆಯುತ್ತಾಳೆ. ವೆಂಟ್‌ವರ್ತ್‌ಗಿಂತ ಇವಳೇ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತಾಳೆ.

ಕೊರತೆ ಮೂರನೇ ಸಂಪುಟದಲ್ಲಿ. ನಿರಪರಾಧಿ ಎಂದು ಸಾಬೀತಾದದ್ದೇ ತಡ, ಮಾರ್ಗನ್ ಜಾಗ ಬಿಡುತ್ತಾನೆ, ವೆಂಟ್‌ವರ್ತ್ ಅದೇ ಊರಿನ ರೆಕ್ಟರ್ ಆಗುತ್ತಾನೆ. ರೋಸಾಳ ಗತಿ ಏನು ಎಂಬ ಬಗ್ಗೆ ಪುಸ್ತಕಕ್ಕೆ ಅಂಥ ಕಾಳಜಿಯಿಲ್ಲ. ಅವಳು ಮೂರ್ಖ ಹುಡುಗಿ ಎಂದು ಹೇಳಿ ಮುಂದೆ ಹೋಗುತ್ತದೆ. ಬ್ಲ್ಯಾಕ್‌ವುಡ್ಸ್ ಪತ್ರಿಕೆಗೆ ಈ ಧಾರಾವಾಹಿ ಬರೆಯುತ್ತಿದ್ದಾಗಲೇ, 1864ರ ಜನವರಿಯಲ್ಲಿ, ಓಲಿಫಂಟ್ ಅವರ ಮಗಳು ಮ್ಯಾಗಿ ರೋಮ್‌ನಲ್ಲಿ ತೀರಿಕೊಂಡಳು. ಕೊನೆಯ ಭಾಗದ ಅವಸರಕ್ಕೆ ಅದೇ ಕಾರಣವೆಂದು ಸಾಧಿಸಲಾಗದು, ಆದರೆ ತಿಳಿದು ಓದಿದರೆ ಟೀಕೆಯ ದನಿ ತಗ್ಗುತ್ತದೆ.

ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್: ಇಪ್ಪತ್ತು ಪೌಂಡಿನ ಚೆಕ್ಕು

84 ಅಧ್ಯಾಯ. 1866ರ ಡಿಸೆಂಬರ್‌ನಿಂದ 1867ರ ಜುಲೈವರೆಗೆ ವಾರಕ್ಕೊಂದರಂತೆ, ಆರು ಪೆನ್ಸ್ ಬೆಲೆಯ 32 ಭಾಗಗಳಾಗಿ ಬಂತು. ಜೊಸಾಯಾ ಕ್ರಾಲಿಯೂ ವೆಂಟ್‌ವರ್ತ್‌ನ ಹಾಗೆ ಪರ್ಪೆಚುಯಲ್ ಕ್ಯೂರೇಟ್. ಹುದ್ದೆ ಒಂದೇ, ಬೆನ್ನಿಗಿರುವವರು ಬೇರೆ. ಅವನಿಗೆ ಅತ್ತೆಯರಿಲ್ಲ, ಜಮೀನಿಲ್ಲ. ಇಟ್ಟಿಗೆ ಸುಡುವ ಕೂಲಿಕಾರರ ಊರು, ಹರಿದ ಜಮಖಾನ, ಮುರಿದ ಕುರ್ಚಿ, ಗ್ರೀಕ್ ಮತ್ತು ಹೀಬ್ರೂ ಪಾಂಡಿತ್ಯ, ಮೈತುಂಬ ಸ್ವಾಭಿಮಾನ.

ಚೆಕ್ಕಿನ ಗಂಟು ಹೀಗೆ. ಲಾರ್ಡ್ ಲಫ್ಟನ್ ಬರೆದ 20 ಪೌಂಡಿನ ಚೆಕ್ಕನ್ನು ಅವನ ವ್ಯವಹಾರ ನೋಡಿಕೊಳ್ಳುವ ಸೋಮ್ಸ್ ಕಳೆದುಕೊಳ್ಳುತ್ತಾನೆ. ಕ್ರಾಲಿಯ ಮನೆಯಲ್ಲೇ ಬಿದ್ದಿರಬೇಕೆಂದು ಅವನ ಅನುಮಾನ. ಆಮೇಲೆ ನೋಡಿದರೆ ಅದನ್ನು ನಗದು ಮಾಡಿಸಿಕೊಂಡವನು ಕ್ರಾಲಿಯೇ, ಆ ಹಣದಿಂದ ಕಟುಕ ಫ್ಲೆಚರ್‌ನ ಸಾಲ ತೀರಿದೆ. ಎಲ್ಲಿಂದ ಬಂತು ಎಂದು ಕೇಳಿದಾಗ ಮೊದಲು ಸೋಮ್ಸ್ ಕೊಟ್ಟದ್ದೆನ್ನುತ್ತಾನೆ. ಅದು ಸುಳ್ಳೆಂದಾಗ ಡೀನ್ (ಬಿಷಪ್‌ನ ದೊಡ್ಡ ಚರ್ಚಿನ ಮುಖ್ಯಸ್ಥ) ಆರಬಿನ್ ಕೊಟ್ಟದ್ದೆನ್ನುತ್ತಾನೆ. ಡೀನ್ ತಾನು ಕೊಟ್ಟದ್ದು 50 ಪೌಂಡಿನ ನೋಟು, ಚೆಕ್ಕಲ್ಲ ಎಂದು ಬರೆಯುತ್ತಾನೆ. ಅಲ್ಲಿಗೆ ಕ್ರಾಲಿಗೆ ತನ್ನ ನೆನಪಿನ ಮೇಲೇ ನಂಬಿಕೆ ಹೋಗುತ್ತದೆ. ತಾನು ಕದ್ದಿರಬಹುದೇ? ತಲೆ ಕೆಟ್ಟಿದೆಯೇ?

ಪುಸ್ತಕದ ಶಕ್ತಿ ಈ ಪ್ರಶ್ನೆಯಲ್ಲಿದೆ. ಬಾರ್ಟನ್‌ಗೂ ವೆಂಟ್‌ವರ್ತ್‌ಗೂ ತಾವು ನಿರಪರಾಧಿಗಳೆಂದು ಗೊತ್ತು. ಕ್ರಾಲಿಗೆ ಗೊತ್ತಿಲ್ಲ.

ಡೀನ್‌ನನ್ನು ನೇರವಾಗಿ ಇನ್ನೊಮ್ಮೆ ಕೇಳಬಾರದೇ ಎಂಬುದು ಎಲ್ಲ ಓದುಗರ ಅಸಹನೆ. ಡೀನ್ ಯೆರೂಸಲೇಮ್ ಕಡೆ ಯಾತ್ರೆಯಲ್ಲಿದ್ದಾನೆ, ಹೆಂಡತಿ ಎಲಿನರ್ ಇಟಲಿಯಲ್ಲಿ. ಹಳೇ ಗೆಳೆಯ ಆರಬಿನ್ ಏರುತ್ತ ಹೋದ, ತಾನು ಕೆಳಗೇ ಉಳಿದ ಎಂಬ ಉರಿ ಕ್ರಾಲಿಗೆ. ಅವನ ದಾನ ಪಡೆದದ್ದೇ ಅವಮಾನ, ಆ ದಾನದ ಲೆಕ್ಕ ಕೇಳುವುದು ಇನ್ನೂ ದೊಡ್ಡ ಅವಮಾನ. ನಿಜ ಏನೆಂದರೆ ನೋಟುಗಳಿದ್ದ ಲಕೋಟೆಯೊಳಗೆ ಗಂಡನಿಗೂ ಹೇಳದೆ ಚೆಕ್ಕು ಸೇರಿಸಿದವಳು ಎಲಿನರ್. ಅವಳಿಗೆ ಅದು ಬಾಡಿಗೆ ಹಣವಾಗಿ ಬಂದದ್ದು, ಅವಳದೇ ಆಸ್ತಿಯಾಗಿದ್ದ ಡ್ರ್ಯಾಗನ್ ಆಫ್ ವಾಂಟ್ಲಿ ಎಂಬ ಹೋಟೆಲಿನಿಂದ. ಕಳ್ಳ ಅಲ್ಲಿದ್ದ. ಟ್ರಾಲಪ್ ತಮ್ಮ ಆತ್ಮಕಥೆಯಲ್ಲಿ ಇದು ತಾವು ಬರೆದದ್ದರಲ್ಲೇ ಉತ್ತಮ ಕಾದಂಬರಿ ಎಂದೂ, ಚೆಕ್ಕು ಹೇಗೆ ಬಂತೆಂಬುದನ್ನು ಇಂಥ ಮನುಷ್ಯ ಕೂಡ ಮರೆತಾನೆಂದು ತಮಗೇ ನಂಬಲಾಗುವುದಿಲ್ಲ ಎಂದೂ ಒಪ್ಪಿಕೊಂಡಿದ್ದಾರೆ. ಎರಡೂ ಸರಿ.

ಅಪವಾದ ಎರಡು ದಾರಿಯಲ್ಲಿ ನಡೆಯುತ್ತದೆ, ಎರಡನ್ನೂ ಬೇರೆಬೇರೆಯಾಗಿ ಹಿಡಿದುಕೊಂಡು ಓದಬೇಕು. ಒಂದು ರಾಜ್ಯದ ದಾರಿ: ಸಿಲ್ವರ್‌ಬ್ರಿಜ್‌ನ ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಅಸೈಜ್‌ಗೆ, ಎಂದರೆ ನ್ಯಾಯಾಧೀಶರು ಆಗಾಗ ಊರಿಗೆ ಬಂದು ನಡೆಸುವ ಮೇಲಿನ ನ್ಯಾಯಾಲಯಕ್ಕೆ, ಒಪ್ಪಿಸಿ ಜಾಮೀನು ಕೊಡುತ್ತಾರೆ. ಇನ್ನೊಂದು ಚರ್ಚಿನ ದಾರಿ: ಬಿಷಪ್, ಎಂದರೆ ಬಿಷಪ್‌ನ ಹೆಂಡತಿ, ಕ್ರಾಲಿ ಪೀಠ ಹತ್ತಬಾರದೆಂದು ಥಂಬಲ್ ಎಂಬ ಪಾದ್ರಿಯನ್ನು ಕಳಿಸುತ್ತಾಳೆ. ಬಿಷಪ್‌ಗೆ ಆ ಅಧಿಕಾರವಿಲ್ಲ ಎಂದು ಕ್ರಾಲಿಗೆ ಗೊತ್ತು. ಥಂಬಲ್‌ನನ್ನು ವಾಪಸ್ ಕಳಿಸುತ್ತಾನೆ. ಆಮೇಲೆ ಬಿಷಪ್ ಕರೆದಾಗ ಕೆಸರು ಮೆತ್ತಿದ ಬೂಟಿನಲ್ಲಿ, ಬಹುಪಾಲು ದಾರಿ ನಡೆದೇ ಅರಮನೆಗೆ ಹೋಗುತ್ತಾನೆ. ಶ್ರೀಮತಿ ಪ್ರೌಡಿ ನಡುವೆ ಬಾಯಿ ಹಾಕಿದಾಗ ಅವಳ ಬಾಯಿ ಮುಚ್ಚಿಸಿ ಎದ್ದು ಬರುತ್ತಾನೆ. ಏಣಿಯಲ್ಲಿ 130 ಪೌಂಡಿನವನು 5,000 ಪೌಂಡಿನ ಮನೆಯಲ್ಲಿ ಹೀಗೆ ಮಾತಾಡುವುದು ಕಾನೂನು ಅವನ ಕಡೆ ಇರುವುದರಿಂದ. ಬರೀ ಕ್ಯೂರೇಟ್ ಆಗಿದ್ದರೆ ಈ ದೃಶ್ಯವೇ ಸಾಧ್ಯವಿರಲಿಲ್ಲ.

ಕೊನೆಗೆ ಬಿಷಪ್ ಐವರು ಪಾದ್ರಿಗಳ ಆಯೋಗ ಕೂರಿಸುತ್ತಾನೆ. ಅಧ್ಯಕ್ಷ ಡಾ. ಟೆಂಪೆಸ್ಟ್. ಅದು ಕಾದು ನೋಡುವ ತೀರ್ಮಾನಕ್ಕೆ ಬರುತ್ತದೆ. ಯಾರೂ ತೆಗೆಯಲಾಗದ ಕ್ರಾಲಿ ತಾನಾಗಿ ಜಾಗ ಬಿಡುತ್ತಾನೆ. ನೆನಪಿನ ಮೇಲೆ ನಂಬಿಕೆಯಿಲ್ಲದವನು ಊರ ಜನರ ಆತ್ಮದ ಹೊಣೆ ಹೊರಬಾರದು ಎಂಬುದು ಅವನ ತರ್ಕ. ಜಾಗ ಬಿಟ್ಟರೆ ಮನೆಯೂ ಹೋಗುತ್ತದೆ, ಹೆಂಡತಿ ಮಕ್ಕಳೂ ಬೀದಿಗೆ ಬೀಳುತ್ತಾರೆ. ಹೆಂಡತಿ ಮೇರಿ ಇದನ್ನೆಲ್ಲ ಲೆಕ್ಕ ಹಾಕಿ ನೋಡಿದವಳು. ಗಂಡನ ಸ್ವಾಭಿಮಾನ ತನಗೆ ಎಷ್ಟು ದುಬಾರಿ ಎಂದು ಅವಳಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಇಟ್ಟಿಗೆಗೂಡಿನ ಮುದುಕ ಹಾಗೆಟ್, ಹಟ ಹಿಡಿದು ಕೆಲಸ ಮಾಡುತ್ತಿದ್ದರೆ ಆಗುತ್ತದೆ ಎಂದು ಮಳೆಯಲ್ಲಿ ನಿಂತು ಹೇಳುವ ಮಾತು ಅವನಿಗೆ ಪಾದ್ರಿಗಳ ಎಲ್ಲ ಉಪದೇಶಕ್ಕಿಂತ ನಾಟುತ್ತದೆ.

ಅಪವಾದ ಮಗಳಿಗೂ ಹಬ್ಬುತ್ತದೆ. ಗ್ರೇಸ್ ಕ್ರಾಲಿಯನ್ನು ಆರ್ಚ್‌ಡೀಕನ್ (ಬಿಷಪ್‌ನ ಕೈಕೆಳಗಿನ ಹಿರಿಯ ಪಾದ್ರಿ) ಗ್ರಾಂಟ್ಲಿಯ ಮಗ ಮೇಜರ್ ಹೆನ್ರಿ ಮದುವೆಯಾಗಬಯಸುತ್ತಾನೆ. ಆರ್ಚ್‌ಡೀಕನ್ ಆಸ್ತಿ ತಪ್ಪಿಸುವೆನೆಂದು ಬೆದರಿಸುತ್ತಾನೆ. ತಂದೆಯ ಮೇಲಿನ ಕಳಂಕ ಹೋಗುವವರೆಗೆ ಮದುವೆಯಾಗೆನೆಂದು ಗ್ರೇಸ್ ಮಾತು ಕೊಟ್ಟ ದೃಶ್ಯದಲ್ಲಿ ಆ ಜೋರಿನ ಮುದುಕ ಕರಗುವ ರೀತಿ ಟ್ರಾಲಪ್‌ಗೆ ಮಾತ್ರ ಸಾಧ್ಯ.

ಸಮಸ್ಯೆ ಲಂಡನ್ ಅಧ್ಯಾಯಗಳದು. ಡಾಬ್ಸ್ ಬ್ರಾಟನ್ ದಂಪತಿ, ಕಾನ್ವೇ ಡಾಲ್ರಿಂಪಲ್ ಬಿಡಿಸುವ ಚಿತ್ರ, ಮೆಡಲೀನಾ ಡೆಮೊಲಿನ್ಸ್‌ಳ ಬಲೆ: ಇವನ್ನು ಸಂಕೋಚವಿಲ್ಲದೆ ಹಾರಿಸಬಹುದು. ಜಾನ್ ಈಮ್ಸ್ ಯುರೋಪಿಗೆ ಹೋಗುವ ಅಧ್ಯಾಯಗಳನ್ನೂ ವಕೀಲ ಟೂಗುಡ್ ಹೋಟೆಲ್‌ನಲ್ಲಿ ಜಾಡು ಹಿಡಿಯುವುದನ್ನೂ ಮಾತ್ರ ಬಿಡಬೇಡಿ.

ಡಾ. ವರ್ಟಲ್ಸ್ ಸ್ಕೂಲ್: ನಿಜವಾಗಿಯೂ ತಪ್ಪಾಗಿದ್ದರೆ?

ಮೇಲಿನ ಮೂವರೂ ನಿರಪರಾಧಿಗಳು. ಇಲ್ಲಿ ಹಾಗಲ್ಲ, ಅದೇ ಈ ಸಣ್ಣ ಕಾದಂಬರಿಯ ಬೆಲೆ. ಆಕ್ಸ್‌ಫರ್ಡ್‌ನ ವಿದ್ವಾಂಸ ಪಾದ್ರಿ ಪೀಕಾಕ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಗಂಡ ಸತ್ತನೆಂಬ ಸುದ್ದಿ ನಂಬಿದ ಎಲ್ಲಾಳನ್ನು ಮದುವೆಯಾಗುತ್ತಾನೆ. ಗಂಡ ಫರ್ಡಿನಂಡ್ ಲೆಫ್ರಾಯ್ ಬದುಕಿದ್ದಾನೆ. ಇಬ್ಬರೂ ಬೇರಾಗುವ ಬದಲು ಇಂಗ್ಲೆಂಡಿಗೆ ಬಂದು, ರೆಕ್ಟರ್ ಡಾ. ವರ್ಟಲ್ ಬೋವಿಕ್‌ನಲ್ಲಿ ನಡೆಸುವ ದುಬಾರಿ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತಾರೆ. ಫರ್ಡಿನಂಡ್‌ನ ತಮ್ಮ ರಾಬರ್ಟ್ ಹಣ ಕೇಳಿಕೊಂಡು ಬರುತ್ತಾನೆ.

ಟ್ರಾಲಪ್ ಈ ಗುಟ್ಟನ್ನು ಆರಂಭದಲ್ಲೇ ಬಿಚ್ಚಿಡುತ್ತಾರೆ, ಬೇಕೆಂದೇ. ಏನಾಯಿತು ಎಂಬ ಕುತೂಹಲ ಹೋದ ಮೇಲೆ ಉಳಿಯುವುದು ಯಾರು ಹೇಗೆ ನಡೆದುಕೊಂಡರು ಎಂಬುದು. ವರ್ಟಲ್‌ನ ಅನ್ನ ಬಿಷಪ್ ಕೈಯಲ್ಲಿಲ್ಲ, ಪೋಷಕರ ಕೈಯಲ್ಲಿದೆ. ವರ್ಷಕ್ಕೆ 200 ಪೌಂಡ್ ಶುಲ್ಕ ಕೊಡುವ ಮನೆಗಳು ಹುಡುಗರನ್ನು ಒಬ್ಬೊಬ್ಬರಾಗಿ ಬಿಡಿಸುತ್ತವೆ. ಹಿಂದೊಮ್ಮೆ ಶುಲ್ಕದ ಜಗಳದಲ್ಲಿ ಸೋತಿದ್ದ ಶ್ರೀಮತಿ ಸ್ಟಾಂಟಿಲೂಪ್ ಸುತ್ತೂರಿಗೆಲ್ಲ ಕಾಗದ ಬರೆಯುತ್ತಾಳೆ. ಲಂಡನ್ನಿನ ಪತ್ರಿಕೆಯೊಂದು ವರ್ಟಲ್ ಮತ್ತು ಎಲ್ಲಾಳ ಕುರಿತು ಚಟಾಕಿ ಹಾರಿಸುತ್ತದೆ, ಬಿಷಪ್ ಅದನ್ನು ಹಿಡಿದು ಉಪದೇಶ ಬರೆಯುತ್ತಾನೆ. ಕಾರ್ಲಿಂಗ್‌ಫರ್ಡ್‌ನ ಅಂಗಡಿ ಕಟ್ಟೆಯ ಜಾಗಕ್ಕೆ ಇಲ್ಲಿ ಅಚ್ಚಿನ ಕಾಗದ ಬಂದಿದೆ. ನೆರೆಯ ಪಾದ್ರಿ ಪಡಿಕೂಂಬ್ ಮಾತ್ರ ವರ್ಟಲ್‌ಗೆ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ: ಅವರು ತಪ್ಪು ಮಾಡಿದರು, ನೀನು ದಯೆ ತೋರಿದ್ದು ತಪ್ಪನ್ನು ಸರಿಮಾಡುವುದಿಲ್ಲ. ಎರಡು ಕಡೆಯೂ ನ್ಯಾಯ ಕಾಣುವ ಇಂಥ ಜಾಗ ಉಳಿದ ಮೂರರಲ್ಲಿ ಸಿಗುವುದಿಲ್ಲ.

ಪರಿಹಾರ ಅನುಕೂಲಕ್ಕೆ ತಕ್ಕಂತೆ ಬರುತ್ತದೆ. ಪೀಕಾಕ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಲೆಫ್ರಾಯ್ ಈಗ ನಿಜವಾಗಿ ಸತ್ತಿರುವುದಕ್ಕೆ ಪುರಾವೆ ತರುತ್ತಾನೆ, ಎರಡನೇ ಸಲ ಮದುವೆ ನಡೆಯುತ್ತದೆ. ವರ್ಟಲ್‌ನ ಮಗಳು ಮತ್ತು ಲಾರ್ಡ್ ಕಾರ್‌ಸ್ಟೇರ್ಸ್‌ರ ಪ್ರೇಮ ಸಪ್ಪೆ.

ಯಾವುದು ಯಾರಿಗೆ

ಸಮಯ ಕಡಿಮೆ ಇದ್ದರೆ ಬಾರ್ಟನ್. ಕಥೆಯ ಎಳೆತಕ್ಕಿಂತ ಊರಿನ ಮಾತು, ಹಗೆತನ, ಹೆಂಗಸರ ಕಣ್ಣಿನ ಚುರುಕು ಇಷ್ಟವಾಗುವವರಿಗೆ ಓಲಿಫಂಟ್. ನೀತಿಯ ಗಂಟು ಬೇಕೆನ್ನುವವರಿಗೆ ವರ್ಟಲ್. ಟ್ರಾಲಪ್‌ರನ್ನು ಒಮ್ಮೆಯೂ ಓದದವರು ಇಲ್ಲಿಂದ ಶುರು ಮಾಡಿದರೆ ನಷ್ಟವಿಲ್ಲ. ಒಂದೇ ಪುಸ್ತಕ ಎಂದರೆ ನನ್ನ ಮತ ಕ್ರಾಲಿಗೆ, ಲಂಡನ್ ಅಧ್ಯಾಯಗಳಿದ್ದೂ. ಬಾರ್‌ಚೆಸ್ಟರ್ ಸರಣಿಯ ಆರೂ ಓದಬೇಕಿಲ್ಲ. ಪ್ರೌಡಿ ದಂಪತಿಯ ಪರಿಚಯಕ್ಕೆ 'ಬಾರ್‌ಚೆಸ್ಟರ್ ಟವರ್ಸ್' (1857), ಕ್ರಾಲಿಯ ಮೊದಲ ನೋಟಕ್ಕೆ 'ಫ್ರಾಮ್ಲಿ ಪಾರ್ಸನೇಜ್' ಸಾಕು. ಎರಡನೆಯದರಲ್ಲಿ ರಾಬರ್ಟ್ಸ್ ಗೆಳೆಯನಿಗಾಗಿ ಮೊದಲು 400, ಆಮೇಲೆ 500 ಪೌಂಡಿನ ಹುಂಡಿಗೆ ಸಹಿ ಹಾಕಿ, ಜಪ್ತಿಯವರು ಮನೆಗೆ ಬಂದು ಸಾಮಾನು ಪಟ್ಟಿ ಮಾಡುವವರೆಗೆ ಹೋಗುತ್ತಾನೆ. ಅವನ ಸಾಲ ಲಾರ್ಡ್ ಲಫ್ಟನ್ ತೀರಿಸುತ್ತಾನೆ. 900 ಪೌಂಡಿನವನಿಗೆ ಬಿಡಿಸುವ ಗೆಳೆಯರಿದ್ದಾರೆ, 130 ಪೌಂಡಿನವನಿಗೆ ಅದೇ ಲಫ್ಟನ್‌ನ 20 ಪೌಂಡಿಗೆ ಪೊಲೀಸ್ ಬರುತ್ತದೆ. ಇವೆರಡನ್ನು ಬೆನ್ನುಬೆನ್ನಿಗೆ ಓದಿದರೆ ಮಾತ್ರ ಇದು ಕಾಣುವುದು.

ಎಲ್ಲವೂ ಹಕ್ಕುಸ್ವಾಮ್ಯ ಮುಗಿದವು. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎಲಿಯಟ್ ಮತ್ತು 'ಲಾಸ್ಟ್ ಕ್ರಾನಿಕಲ್'ಗೆ ಮಾತ್ರ ಟಿಪ್ಪಣಿಗಳಿರುವ ಮುದ್ರಿತ ಪ್ರತಿ ಹಿಡಿಯುವುದು ಲೇಸು. ಬೈಬಲ್ ಮತ್ತು ಗ್ರೀಕ್ ಉಲ್ಲೇಖಗಳು ಅಷ್ಟಿವೆ.

ಓಲಿಫಂಟ್ ಹಿಡಿಸಿದವರು ಅದೇ ಸರಣಿಯ 'ಫೀಬಿ ಜೂನಿಯರ್' (1876) ಬಿಡಬಾರದು. ಅದರ ಮೇ ಎಂಬ ಪಾದ್ರಿ ವೆಂಟ್‌ವರ್ತ್ ಕೂತಿದ್ದ ಸೇಂಟ್ ರೋಕ್ಸ್‌ನಲ್ಲೇ, ಅದೇ ಹುದ್ದೆಯಲ್ಲಿ ಕೂತಿದ್ದಾನೆ. ಬೆಣ್ಣೆ ವ್ಯಾಪಾರಿ ಟೋಜರ್‌ನ ಸಹಿಯನ್ನು ಹುಂಡಿಯ ಮೇಲೆ ನಕಲು ಮಾಡುತ್ತಾನೆ, ಅವಧಿ ಮುಗಿಯುವ ದಿನ ಹತ್ತಿರವಾಗುತ್ತದೆ. ಈ ಸಲ ಪಾದ್ರಿ ನಿಜವಾದ ಅಪರಾಧಿ. ಅವನನ್ನು ಜೈಲಿನಿಂದ ತಪ್ಪಿಸುವುದು ಬಿಷಪ್ಪೂ ಅಲ್ಲ, ಕಾನೂನೂ ಅಲ್ಲ, ಆ ಕಾಗದವನ್ನು ಕೈವಶ ಮಾಡಿಕೊಂಡು ಕೊಡಲೊಲ್ಲದ ಟೋಜರ್‌ನ ಮೊಮ್ಮಗಳು ಫೀಬಿ.